ಮುಖ್ಯ ಹಾಯಿಯ ರೀಫಿಂಗ್

ರೀಫಿಂಗ್ ಎಂದರೆ ಗಾಳಿಯ ವೇಗ ಹೆಚ್ಚಿದಾಗ ಹಾಯಿಯ ಒಂದು ಭಾಗವನ್ನು ಮಡಿಸಿ ಅಥವಾ ಸುತ್ತಿ, ಗಾಳಿಗೆ ಎದುರಾಗುವ ವಿಸ್ತೀರ್ಣವನ್ನು ತಗ್ಗಿಸುವ ಕ್ರಮ. ಹಾಯಿಯನ್ನು ಪೂರ್ತಿಯಾಗಿ ಇಳಿಸದೆ, ದೋಣಿಯ ಚಲನೆಯನ್ನೂ ಚುಕ್ಕಾಣಿಯ ಹತೋಟಿಯನ್ನೂ ಉಳಿಸಿಕೊಂಡು ಅದರ ಮೇಲಿನ ಒತ್ತಡವನ್ನು ಕಡಿಮೆ ಮಾಡುವುದು ಇದರ ಉದ್ದೇಶ. ಹೀಗೆ ಮಡಿಸಿ ಕಟ್ಟಿದ ಒಂದೊಂದು ಪಟ್ಟಿಯನ್ನು 'ರೀಫ್' ಎಂದು ಕರೆಯುತ್ತಾರೆ. ಸಣ್ಣ ದೋಣಿಗಳ ಮುಖ್ಯ ಹಾಯಿಯಲ್ಲಿ ಸಾಮಾನ್ಯವಾಗಿ ಎರಡು ರೀಫ್‌ಗಳಿರುತ್ತವೆ. ದೂರದ ಸಾಗರಯಾನಕ್ಕೆ ಸಜ್ಜಾದ ದೋಣಿಗಳಲ್ಲಿ ಮೂರು ಇರುವುದುಂಟು.

ಇಲ್ಲಿನ ವಿವರಣೆ ಮುಖ್ಯವಾಗಿ ಸ್ಲೂಪ್ ಎಂಬ ಬಗೆಯ ದೋಣಿಗೆ ಸಂಬಂಧಿಸಿದ್ದು. ಸ್ಲೂಪ್‌ನಲ್ಲಿ ಒಂದೇ ಕೂವೆಮರ ಇದ್ದು, ಅದರ ಹಿಂದೆ ಮುಖ್ಯ ಹಾಯಿಯೂ ಮುಂದೆ ಜಿಬ್ ಎಂಬ ಚಿಕ್ಕ ಹಾಯಿಯೂ ಇರುತ್ತವೆ. 6ರಿಂದ 9 ಮೀಟರ್ ಉದ್ದದ ವಿಹಾರದ ಹಾಯಿದೋಣಿಗಳಲ್ಲಿ ಬಹುಪಾಲು ಈ ಬಗೆಯವೇ.

ಪದದ ಮೂಲ

'ರೀಫ್' ಎಂಬ ಇಂಗ್ಲಿಷ್ ಪದವು ಪಕ್ಕೆಲುಬು ಎಂಬ ಅರ್ಥದ ಹಳೆಯ ನಾರ್ಸ್ ಭಾಷೆಯ 'ರಿಫ್' ಎಂಬುದರಿಂದ ಬಂದಿದೆ. ಸಮುದ್ರದಲ್ಲಿನ ಹವಳದ ದಿಬ್ಬಕ್ಕೆ ಹೇಳುವ 'ರೀಫ್' ಪದಕ್ಕೂ ಮೂಲ ಇದೇ ಆಗಿದ್ದರೂ ಬಳಕೆಯಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಎರಡು ಎಳೆಗಳನ್ನು ಒಂದರೊಳಗೊಂದು ಹೆಣೆದು ಹಾಕುವ, ಪ್ರಥಮ ಚಿಕಿತ್ಸೆಯಲ್ಲಿ ಬಟ್ಟೆಪಟ್ಟಿ ಕಟ್ಟಲು ಶಾಲೆಗಳಲ್ಲೂ ಕಲಿಸುವ 'ರೀಫ್ ಗಂಟು' ತನ್ನ ಹೆಸರನ್ನು ಪಡೆದದ್ದು ಹಾಯಿಯ ಈ ಕೆಲಸದಿಂದಲೇ.

ಹಾಯಿಯ ಭಾಗಗಳು ಮತ್ತು ಹಗ್ಗಗಳು

ಇಂದಿನ ಸಣ್ಣ ದೋಣಿಗಳ ಮುಖ್ಯ ಹಾಯಿ ತ್ರಿಕೋನಾಕಾರದ್ದು. ಕೂವೆಮರಕ್ಕೆ ತಾಗಿ ನೆಟ್ಟಗೆ ನಿಲ್ಲುವ ಮುಂಭಾಗದ ಅಂಚು 'ಲಫ್', ಹಿಂಭಾಗದ ಇಳಿಜಾರು ಅಂಚು 'ಲೀಚ್', ಕೆಳಗಿನ ಅಂಚು 'ಫುಟ್'. ಕೆಳಗಿನ ಎರಡು ಮೂಲೆಗಳಲ್ಲಿ ಮುಂದಿನದು 'ಟ್ಯಾಕ್', ಹಿಂದಿನದು 'ಕ್ಲ್ಯೂ'. ಹಾಯಿಯ ಕೆಳ ಅಂಚನ್ನು ಹರಡಿ ಹಿಡಿಯುವ ಅಡ್ಡಮರಕ್ಕೆ 'ಬೂಮ್' ಎಂದು ಹೆಸರು. ಬೂಮ್ ಕೂವೆಮರವನ್ನು ಸೇರುವಲ್ಲಿರುವ ತಿರುಗುವ ಕೀಲಿಗೆ 'ಗೂಸ್‌ನೆಕ್' ಎನ್ನುತ್ತಾರೆ.

ಹಾಯಿಯನ್ನು ಮೇಲಕ್ಕೆ ಏರಿಸುವ ಹಗ್ಗ 'ಹ್ಯಾಲ್ಯಾರ್ಡ್'. ಬೂಮ್ ಎಷ್ಟು ಹೊರಕ್ಕೆ ಹೋಗಬೇಕೆಂಬುದನ್ನು ನಿಯಂತ್ರಿಸುವ ಹಗ್ಗ 'ಮೇನ್‌ಶೀಟ್'. ದೋಣಿಯ ಪರಿಭಾಷೆಯಲ್ಲಿ 'ಶೀಟ್' ಎಂದರೆ ಹಗ್ಗವೇ ಹೊರತು ಬಟ್ಟೆಯಲ್ಲ. ಹೊಸಬರು ಮೊದಲು ಎಡವುವುದು ಇಲ್ಲಿಯೇ. ಬೂಮ್ ಮೇಲಕ್ಕೇಳದಂತೆ ಕೆಳಕ್ಕೆ ಹಿಡಿದಿರುವ ರಾಟೆಯ ಜೋಡಣೆಗೆ 'ವ್ಯಾಂಗ್' ಎಂದೂ, ಹಾಯಿ ಸಡಿಲವಾದಾಗ ಬೂಮ್ ಕೆಳಕ್ಕೆ ಬೀಳದಂತೆ ಕೂವೆಮರದ ತುದಿಯಿಂದ ಅದನ್ನು ತೂಗಿ ಹಿಡಿಯುವ ಹಗ್ಗಕ್ಕೆ 'ಟಾಪಿಂಗ್ ಲಿಫ್ಟ್' ಎಂದೂ ಹೆಸರಿದೆ.

ರೀಫ್ ಮಾಡಲು ಅನುಕೂಲವಿರುವ ಹಾಯಿಯಲ್ಲಿ, ಪ್ರತಿಯೊಂದು ರೀಫ್‌ನ ಎತ್ತರದಲ್ಲಿ ಲಫ್ ಅಂಚಿನಲ್ಲೊಂದು, ಲೀಚ್ ಅಂಚಿನಲ್ಲೊಂದು ಲೋಹದ ಬಳೆಯನ್ನು ಕೂರಿಸಿರುತ್ತಾರೆ. ಇವುಗಳ ಸುತ್ತ ಬಟ್ಟೆಯನ್ನು ಹಲವು ಪದರಗಳಿಂದ ಬಲಪಡಿಸಿರುತ್ತಾರೆ. ರೀಫ್ ಮಾಡಿದಾಗ ಈ ಎರಡು ಬಳೆಗಳೇ ಹಾಯಿಯ ಹೊಸ ಟ್ಯಾಕ್ ಮತ್ತು ಹೊಸ ಕ್ಲ್ಯೂ ಆಗುತ್ತವೆ. ಇವೆರಡರ ನಡುವೆ ಸಾಲಾಗಿ ಇರುವ ಸಣ್ಣ ರಂಧ್ರಗಳಿಗೆ ರೀಫ್ ಬಿಂದುಗಳೆಂದು ಹೆಸರು. ಅವುಗಳ ಮೂಲಕ ತೂರಿಸಿದ ಚಿಕ್ಕ ಹಗ್ಗಗಳಿಂದ ಮಡಿಕೆಯನ್ನು ಕಟ್ಟಲಾಗುತ್ತದೆ.

ರೀಫಿಂಗ್‌ನ ಅಗತ್ಯ

ಗಾಳಿಯು ಹಾಯಿಯ ಮೇಲೆ ಹಾಕುವ ಬಲವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವು 10 ನಾಟ್‌ನಿಂದ 15 ನಾಟ್‌ಗೆ ಏರಿದರೆ ಬಲ ಎರಡೂಕಾಲು ಪಟ್ಟು, 20 ನಾಟ್‌ಗೆ ಏರಿದರೆ ನಾಲ್ಕು ಪಟ್ಟು ಆಗುತ್ತದೆ (1 ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್). ಹೀಗೆ ಹೆಚ್ಚಿದ ಬಲವೆಲ್ಲ ದೋಣಿಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಅದರ ದೊಡ್ಡ ಪಾಲು ದೋಣಿಯನ್ನು ಪಕ್ಕಕ್ಕೆ ವಾಲಿಸುತ್ತದೆ. ಒಂದು ಮಿತಿಯನ್ನು ಮೀರಿ ವಾಲಿದ ದೋಣಿಯ ಒಡಲು ನೀರಿನಲ್ಲಿ ಅಸಮವಾಗಿ ಮುಳುಗುವುದರಿಂದ ಅದು ಗಾಳಿ ಬರುವ ದಿಕ್ಕಿಗೆ ತಾನಾಗಿ ತಿರುಗಲು ಹವಣಿಸುತ್ತದೆ. ಚುಕ್ಕಾಣಿ ಹಿಡಿದವರು ಅದನ್ನು ತಡೆಯಲು ಹೆಚ್ಚು ಹೆಚ್ಚು ಬಲ ಹಾಕಬೇಕಾಗುತ್ತದೆ. ಅಡ್ಡಲಾಗಿ ತಿರುಗಿದ ಚುಕ್ಕಾಣಿಯೇ ನೀರಿಗೆ ತಡೆಯಾಗಿ ವೇಗವನ್ನು ತಿನ್ನುತ್ತದೆ. ವಾಲುವಿಕೆ ಇನ್ನೂ ಹೆಚ್ಚಿದರೆ ಚುಕ್ಕಾಣಿಯ ಅಲಗು ನೀರಿನಿಂದ ಭಾಗಶಃ ಮೇಲೆದ್ದು ಹಿಡಿತ ಕಳೆದುಕೊಳ್ಳುತ್ತದೆ ಮತ್ತು ದೋಣಿ ಹತೋಟಿ ತಪ್ಪಿ ಗಾಳಿಗೆ ಮುಖಮಾಡಿ ತಿರುಗಿಬಿಡುತ್ತದೆ. ಈ ಕಾರಣದಿಂದ ಬಿರುಗಾಳಿಯಲ್ಲಿ ರೀಫ್ ಮಾಡಿದ ದೋಣಿಯು ಪೂರ್ಣ ಹಾಯಿಯ ದೋಣಿಗಿಂತ ನಿಧಾನವಾಗುವುದಿಲ್ಲ. ಹಲವು ಸಲ ಹೆಚ್ಚು ವೇಗವಾಗಿಯೇ ಸಾಗುತ್ತದೆ.

ಒಂದು ರೀಫ್‌ನಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಲಫ್ 9 ಮೀಟರ್, ಫುಟ್ 3 ಮೀಟರ್ ಇರುವ ತ್ರಿಕೋನ ಹಾಯಿಯ ವಿಸ್ತೀರ್ಣ 13.5 ಚದರ ಮೀಟರ್. ಅದನ್ನು 1.2 ಮೀಟರ್ ಕೆಳಗಿಳಿಸಿ ರೀಫ್ ಮಾಡಿದರೆ ಲಫ್ 7.8 ಮೀಟರ್, ಫುಟ್ 2.6 ಮೀಟರ್ ಆಗಿ ವಿಸ್ತೀರ್ಣ ಸುಮಾರು 10.1 ಚದರ ಮೀಟರಿಗೆ ಇಳಿಯುತ್ತದೆ. ಅಂದರೆ ಎತ್ತರದಲ್ಲಿ ಶೇಕಡ 13ರಷ್ಟು ತಗ್ಗಿಸಿದರೆ ವಿಸ್ತೀರ್ಣದಲ್ಲಿ ಶೇಕಡ 25ರಷ್ಟು ತಗ್ಗುತ್ತದೆ. ಅಷ್ಟೇ ಆಳದ ಎರಡನೆಯ ರೀಫ್ ಹಾಕಿದಾಗ ಉಳಿಯುವುದು ಸುಮಾರು 7.3 ಚದರ ಮೀಟರ್, ಎಂದರೆ ಮೂಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ವಿಸ್ತೀರ್ಣವನ್ನು ಕಾಲು ಭಾಗ ತಗ್ಗಿಸಿದ ಹಾಯಿಯು 15 ನಾಟ್ ಗಾಳಿಯಲ್ಲಿ ಹೊರುತ್ತಿದ್ದ ಬಲವನ್ನೇ ಮತ್ತೆ ಹೊರುವುದು ಸುಮಾರು 17 ನಾಟ್ ಗಾಳಿಯಲ್ಲಿ. ಎರಡು ರೀಫ್ ಹಾಕಿದರೂ ಆ ಮಿತಿ 20 ನಾಟ್‌ನ ಆಸುಪಾಸಿಗಷ್ಟೇ ಏರುತ್ತದೆ. ಹಾಯಿಯ ಒತ್ತಡದ ಕೇಂದ್ರವೂ ಕೆಳಗಿಳಿಯುವುದರಿಂದ ವಾಲಿಸುವ ಬಲದಲ್ಲಿ ಸಿಗುವ ಲಾಭ ಇದಕ್ಕಿಂತ ಸ್ವಲ್ಪ ಹೆಚ್ಚು. ಆದರೂ ಗಾಳಿಯ ಏರಿಕೆಯನ್ನು ರೀಫ್ ಬಹಳ ದೂರ ಹಿಂದೆ ಹಾಕಲಾರದು. ಗಾಳಿ ಬಲವಾದ ಮೇಲೆ ರೀಫ್ ಮಾಡುವುದಕ್ಕಿಂತ ಬಲವಾಗುವ ಮುನ್ನ ಮಾಡಬೇಕೆಂದು ನಾವಿಕರು ಒತ್ತಿ ಹೇಳುವುದಕ್ಕೆ ಇದು ಒಂದು ಕಾರಣ. ಬಲವಾದ ಗಾಳಿಯಲ್ಲಿ ರೀಫ್ ಮಾಡುವ ಕೆಲಸವೇ ಬಹಳ ಕಷ್ಟವಾಗುವುದು ಇನ್ನೊಂದು ಕಾರಣ.

ಗಾಳಿಯನ್ನು ಬೆನ್ನಿಗೆ ಪಡೆದು ಸಾಗುವಾಗ ಅದರ ನಿಜವಾದ ಬಲ ಗಮನಕ್ಕೆ ಬರುವುದಿಲ್ಲ. 18 ನಾಟ್ ಗಾಳಿಯಲ್ಲಿ ಅದೇ ದಿಕ್ಕಿಗೆ 6 ನಾಟ್ ವೇಗದಲ್ಲಿ ಹೋಗುವ ದೋಣಿಯ ಮೇಲೆ ಬೀಸುವುದು 12 ನಾಟ್ ಮಾತ್ರ. ಅದೇ ದೋಣಿ ಅದೇ ವೇಗದಲ್ಲಿ ಗಾಳಿಗೆ 45 ಡಿಗ್ರಿ ಓರೆಯಾಗಿ ಎದುರು ತಿರುಗಿದರೆ ಅನುಭವಕ್ಕೆ ಬರುವ ವೇಗ 22 ನಾಟ್ ದಾಟುತ್ತದೆ, ಹಾಯಿಯ ಮೇಲಿನ ಬಲ ಮೂರೂವರೆ ಪಟ್ಟು ಆಗುತ್ತದೆ. ಹಿತವಾಗಿ ಸಾಗುತ್ತಿದ್ದ ಪ್ರಯಾಣ ಒಂದು ತಿರುವಿನಲ್ಲಿ ಅಪಾಯಕ್ಕೆ ತಿರುಗುವುದು ಹೀಗೆ.

ಸ್ಲ್ಯಾಬ್ ರೀಫಿಂಗ್‌ನ ಜೋಡಣೆ

ಸಣ್ಣ ದೋಣಿಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಸ್ಲ್ಯಾಬ್ ರೀಫಿಂಗ್. ಇದಕ್ಕೆ ಜಿಫ್ಫಿ ರೀಫಿಂಗ್ ಎಂಬ ಹೆಸರೂ ಇದೆ. ಹಾಯಿಯನ್ನು ಸ್ವಲ್ಪ ಇಳಿಸಿ, ಕೆಳಭಾಗದ ಪಟ್ಟಿಯನ್ನು ಬೂಮ್ ಮೇಲೆ ಮಡಿಸಿ, ಮುಂದಿನ ಮತ್ತು ಹಿಂದಿನ ಬಳೆಗಳನ್ನು ಬೂಮ್‌ಗೆ ಬಿಗಿಯುವುದು ಇದರ ಸಾರ. ಯಂತ್ರಭಾಗಗಳು ಕಡಿಮೆ, ಕೆಟ್ಟರೆ ಅಲ್ಲೇ ಸರಿಪಡಿಸಬಹುದು, ರೀಫ್ ಮಾಡಿದ ಮೇಲೂ ಹಾಯಿ ಚಪ್ಪಟೆಯಾಗಿ ಒಳ್ಳೆಯ ಆಕಾರದಲ್ಲಿರುತ್ತದೆ.

ಇದರಲ್ಲಿ ಹೆಚ್ಚು ಎಚ್ಚರದಿಂದ ಜೋಡಿಸಬೇಕಾದದ್ದು ಹಿಂದಿನ ಬಳೆಯ ಹಗ್ಗ. ಈ ಹಗ್ಗದ ಒಂದು ತುದಿಯನ್ನು ಬೂಮ್ ಸುತ್ತ ಬೋಲೈನ್ ಗಂಟಿನಿಂದ ಕಟ್ಟುತ್ತಾರೆ. ಅಲ್ಲಿಂದ ಅದು ಹಾಯಿಯ ಒಂದು ಪಕ್ಕದಲ್ಲಿ ಮೇಲೇರಿ, ಲೀಚ್ ಅಂಚಿನ ರೀಫ್ ಬಳೆಯೊಳಗೆ ತೂರಿ, ಇನ್ನೊಂದು ಪಕ್ಕದಲ್ಲಿ ಇಳಿದು ಬೂಮ್‌ನ ಹಿಂತುದಿಯ ರಾಟೆಯನ್ನು ಹಾಯುತ್ತದೆ. ಬಳಿಕ ಬೂಮ್‌ನ ಒಳಗೆ ಅಥವಾ ಪಕ್ಕದಲ್ಲಿ ಮುಂದಕ್ಕೆ ಬಂದು ಗೂಸ್‌ನೆಕ್ ಬಳಿ ಹೊರಬೀಳುತ್ತದೆ. ಎಳೆದಾಗ ಈ ಹಗ್ಗ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕು: ಬಳೆಯನ್ನು ಬೂಮ್‌ನತ್ತ ಕೆಳಕ್ಕೆ ಎಳೆಯಬೇಕು, ಜೊತೆಗೆ ಹಿಂದಕ್ಕೂ ಎಳೆದು ಹಾಯಿಯ ಹೊಸ ಕೆಳ ಅಂಚನ್ನು ಬಿಗಿಯಾಗಿ ಹರಡಬೇಕು. ರಾಟೆಯು ಬಳೆಗಿಂತ ಮುಂದಿದ್ದರೆ ಹಿಂದಕ್ಕೆ ಎಳೆತವೇ ಸಿಗದೆ ಹಾಯಿ ಚೀಲದಂತೆ ಉಬ್ಬಿಕೊಳ್ಳುತ್ತದೆ. ಬಿರುಗಾಳಿಯಲ್ಲಿ ಉಬ್ಬಿದ ಹಾಯಿ ರೀಫ್ ಮಾಡಿದ ಪ್ರಯೋಜನವನ್ನೇ ಕೆಡಿಸುತ್ತದೆ. ಅದು ತೀರ ಹಿಂದಿದ್ದರೆ ಕೆಳಕ್ಕೆ ಎಳೆತ ಸಾಲದೆ ಬಳೆ ಬೂಮ್‌ನಿಂದ ಮೇಲೆಯೇ ನಿಲ್ಲುತ್ತದೆ.

ಈ ಜಾಗವನ್ನು ಲೆಕ್ಕದಿಂದ ಹುಡುಕುವುದಕ್ಕಿಂತ ನೋಡಿ ಗುರುತಿಸುವುದು ಸುಲಭ. ಗಾಳಿಯಿಲ್ಲದ ದಿನ ದೋಣಿ ಕಟ್ಟೆಯಲ್ಲಿ ನಿಂತಿರುವಾಗ ಹಾಯಿಯನ್ನು ರೀಫ್‌ನ ಎತ್ತರಕ್ಕೆ ಏರಿಸಿ, ಮುಂದಿನ ಬಳೆಯನ್ನು ಸ್ಥಾನದಲ್ಲಿ ಕೂರಿಸಿ, ಹಿಂದಿನ ಬಳೆಯನ್ನು ಕೈಯಿಂದ ಹಿಂದಕ್ಕೆ ಎಳೆದು ಬೂಮ್‌ಗೆ ತಾಗಿಸುತ್ತಾರೆ. ಅದು ತಾಗುವ ಜಾಗದಲ್ಲಿ ಬೂಮ್ ಮೇಲೆ ಗುರುತು ಹಾಕಿ, ಬೋಲೈನ್ ಗಂಟನ್ನು ಗುರುತಿನ ನೇರಕ್ಕೆ ಅಥವಾ ತುಸು ಹಿಂದೆ, ರಾಟೆಯನ್ನು ಇನ್ನೂ ಹಿಂದೆ ಇರುವಂತೆ ಜೋಡಿಸುತ್ತಾರೆ. ಎರಡನೆಯ ರೀಫ್‌ನ ಬಳೆ ಮೊದಲನೆಯದಕ್ಕಿಂತ ಮುಂದೆ ಬೀಳುವುದರಿಂದ ಅದಕ್ಕೆ ಬೇರೆಯೇ ಗುರುತು ಬೇಕು. ಬೂಮ್‌ನ ಹಿಂತುದಿಯಲ್ಲಿ ಎರಡೂ ಹಗ್ಗಗಳಿಗೆ ರಾಟೆಗಳಿದ್ದರೂ, ಎರಡನೆಯದಕ್ಕೆ ಬೂಮ್‌ನ ಪಕ್ಕದಲ್ಲಿ ಪ್ರತ್ಯೇಕ ರಾಟೆ ಕೂರಿಸುವುದು ಇದೇ ಕಾರಣಕ್ಕೆ.

ಮುಂದಿನ ಬಳೆಗೆ ಎರಡು ಬಗೆಯ ಏರ್ಪಾಡುಗಳಿವೆ. ಹಳೆಯದರಲ್ಲಿ ಗೂಸ್‌ನೆಕ್ ಬಳಿ ಟಗರಿನ ಕೊಂಬಿನಂತೆ ಬಾಗಿದ ಕೊಕ್ಕೆ ಇರುತ್ತದೆ. ಹಾಯಿಯನ್ನು ಇಳಿಸಿದವರು ಬಳೆಯನ್ನು ಕೈಯಾರೆ ಅದಕ್ಕೆ ಸಿಕ್ಕಿಸುತ್ತಾರೆ. ಇನ್ನೊಂದರಲ್ಲಿ ಬಳೆಯ ಮೂಲಕ ಹಾಯುವ ಎರಡನೆಯ ಹಗ್ಗವೊಂದು ಅದನ್ನು ಕೆಳಕ್ಕೆ ಎಳೆಯುತ್ತದೆ. ಮುಂದಕ್ಕೊಂದು ಹಿಂದಕ್ಕೊಂದು ಹೀಗೆ ಪ್ರತಿ ರೀಫ್‌ಗೆ ಎರಡು ಹಗ್ಗಗಳಾಗುವುದರಿಂದ ಇದನ್ನು 'ಜೋಡಿ ಹಗ್ಗದ' ಪದ್ಧತಿ ಎನ್ನಬಹುದು.

'ಒಂಟಿ ಹಗ್ಗದ' ಪದ್ಧತಿಯಲ್ಲಿ ಒಂದೇ ಹಗ್ಗ ಹಿಂದಿನ ಬಳೆಯನ್ನು ಹಾಯ್ದು, ಬೂಮ್‌ನುದ್ದಕ್ಕೂ ಮುಂದೆ ಬಂದು, ಮೇಲೇರಿ ಮುಂದಿನ ಬಳೆಯನ್ನೂ ಹಾಯ್ದು ಕೆಳಗಿಳಿಯುತ್ತದೆ. ಒಂದೇ ಹಗ್ಗವನ್ನು ಎಳೆದರೆ ಎರಡೂ ಮೂಲೆಗಳು ಒಟ್ಟಿಗೆ ಇಳಿಯುತ್ತವೆ. ಕೇಳಲು ಇದು ಆಕರ್ಷಕವಾಗಿದ್ದರೂ ಇದರ ತೊಡಕು ಘರ್ಷಣೆ. ಪ್ರತಿ ತಿರುವಿನಲ್ಲಿ ಎಳೆತದ ಹತ್ತನೇ ಒಂದು ಭಾಗ ನಷ್ಟವಾಗುತ್ತದೆ ಎಂದಿಟ್ಟುಕೊಂಡರೆ, ಮೂರು ತಿರುವುಗಳ ನಂತರ ಶೇಕಡ 73ರಷ್ಟು ಎಳೆತ ಉಳಿಯುತ್ತದೆ. ಆರು ತಿರುವುಗಳ ನಂತರ ಉಳಿಯುವುದು ಶೇಕಡ 53 ಮಾತ್ರ. ಎಳೆಯುವವರ ಕೈಗೆ ಹತ್ತಿರದ ಮುಂದಿನ ಬಳೆ ಬೇಗ ಇಳಿದು, ದೂರದ ಹಿಂದಿನ ಬಳೆ ಅರ್ಧಕ್ಕೇ ನಿಲ್ಲುವುದು ಇದರಿಂದಲೇ. ಬಳೆಗಳಲ್ಲಿ ಚಿಕ್ಕ ರಾಟೆಗಳನ್ನು ಅಥವಾ ನುಣುಪಾದ ಉಂಗುರಗಳನ್ನು ಅಳವಡಿಸಿ ಘರ್ಷಣೆಯನ್ನು ತಗ್ಗಿಸುತ್ತಾರೆ. ಒಂಟಿ ಹಗ್ಗವು ಚಿಕ್ಕ ಹಾಯಿಗೆ ಮತ್ತು ಮೊದಲ ರೀಫ್‌ಗೆ ಒಗ್ಗುತ್ತದೆ. ಆಳವಾದ ಎರಡನೆಯ ರೀಫ್‌ಗೆ ಜೋಡಿ ಹಗ್ಗವೇ ಹೆಚ್ಚು ನಂಬಿಕೆಗೆ ಅರ್ಹ.

ಹಗ್ಗದ ಉದ್ದ

ರೀಫ್ ಹಗ್ಗದ ಉದ್ದವನ್ನು ಹಾಯಿ ಪೂರ್ಣವಾಗಿ ಏರಿದ ಸ್ಥಿತಿಯಲ್ಲಿ ಅಳೆಯಬೇಕು, ಏಕೆಂದರೆ ಆಗಲೇ ಅದಕ್ಕೆ ಅತಿ ಹೆಚ್ಚು ಉದ್ದ ಬೇಕಾಗುತ್ತದೆ. ಮೇಲೆ ಹೇಳಿದ ಹಾಯಿಯನ್ನೇ ತೆಗೆದುಕೊಂಡರೆ, ಮೊದಲ ರೀಫ್‌ನ ಹಿಂದಿನ ಬಳೆಯ ಹಗ್ಗಕ್ಕೆ ಬೂಮ್ ಸುತ್ತಲಿನ ಗಂಟಿಗೆ 0.6 ಮೀಟರ್, ಬಳೆಗೆ ಏರಲು 1.2, ಇಳಿಯಲು 1.2, ಬೂಮ್‌ನುದ್ದಕ್ಕೆ 3, ಗೂಸ್‌ನೆಕ್‌ನಿಂದ ಕೂವೆಮರದ ಬುಡಕ್ಕೆ 1, ಅಲ್ಲಿಂದ ನಾವಿಕರು ಕೂರುವ ಕಾಕ್‌ಪಿಟ್‌ಗೆ 2.5, ಹಿಡಿದೆಳೆಯಲು ಮಿಗುವ ತುದಿಗೆ 1.5, ಒಟ್ಟು 11 ಮೀಟರ್ ಬೇಕಾಗುತ್ತದೆ. ಎರಡನೆಯ ರೀಫ್‌ಗೆ ಏರಿಳಿತ ಇಮ್ಮಡಿಯಾಗುವುದರಿಂದ 13.4 ಮೀಟರ್ ಬೇಕು. ಹಗ್ಗ ಸಾಲದೆ ಬಂದರೆ ಹಾಯಿ ಪೂರ್ತಿ ಏರುವುದಿಲ್ಲ. ಈ ಗಾತ್ರದ ದೋಣಿಗೆ 8 ಮಿಲಿಮೀಟರ್ ದಪ್ಪದ, ಹೆಣೆದ ಪಾಲಿಯೆಸ್ಟರ್ ಹಗ್ಗ ರೂಢಿಯಲ್ಲಿದೆ. ನೈಲಾನ್ ಹಗ್ಗ ಹಿಗ್ಗುವ ಗುಣದ್ದಾದ್ದರಿಂದ ಲಂಗರಿಗೆ ಒಳ್ಳೆಯದು, ರೀಫ್‌ಗೆ ಅಲ್ಲ.

ಕೂವೆಮರದ ಬಳಿಯೋ, ಕಾಕ್‌ಪಿಟ್‌ನಲ್ಲೋ

ಹಗ್ಗಗಳ ತುದಿಗಳನ್ನು ಎಲ್ಲಿ ಕೊನೆಗೊಳಿಸಬೇಕು ಎಂಬುದು ಸಣ್ಣ ದೋಣಿಯವರಲ್ಲಿ ಮುಗಿಯದ ಚರ್ಚೆ. ಎಲ್ಲವನ್ನೂ ಕೂವೆಮರದ ಬಳಿ ಇಟ್ಟರೆ ತಿರುವುಗಳು ಕಡಿಮೆ, ಎಳೆತ ಹಗುರ, ಹಾಯಿ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಆದರೆ ಅಲೆಗಳಲ್ಲಿ ಏರಿಳಿಯುವ ಒದ್ದೆ ಡೆಕ್ ಮೇಲೆ ಒಬ್ಬರು ಮುಂದೆ ಹೋಗಿ ಎರಡೂ ಕೈಗಳಿಂದ ಕೆಲಸ ಮಾಡಬೇಕಾಗುತ್ತದೆ. ನೀರಿಗೆ ಬೀಳುವ ಅಪಾಯ ಹೆಚ್ಚಾಗಿರುವ ಕ್ಷಣವದು. ಹಾಗಾಗಿ ಸೊಂಟದ ಪಟ್ಟಿಯಿಂದ ದೋಣಿಗೆ ತಮ್ಮನ್ನು ಕಟ್ಟಿಕೊಂಡೇ ಮುಂದೆ ಹೋಗಬೇಕು. ಎಲ್ಲವನ್ನೂ ಕಾಕ್‌ಪಿಟ್‌ಗೆ ತಂದರೆ ಈ ಅಪಾಯ ತಪ್ಪುತ್ತದೆ. ಬದಲಿಗೆ ಹೆಚ್ಚು ರಾಟೆ, ಹೆಚ್ಚು ಘರ್ಷಣೆ, ಕಾಲಡಿಯಲ್ಲಿ ಹಗ್ಗಗಳ ರಾಶಿ ಎದುರಾಗುತ್ತವೆ.

ಎರಡರಲ್ಲಿ ಯಾವುದಾದರೂ ಸರಿ, ಅರ್ಧಂಬರ್ಧ ಮಾತ್ರ ತೊಂದರೆ. ಹ್ಯಾಲ್ಯಾರ್ಡ್ ಕಾಕ್‌ಪಿಟ್‌ನಲ್ಲಿದ್ದು ಮುಂದಿನ ಬಳೆಯ ಕೊಕ್ಕೆ ಕೂವೆಮರದ ಬಳಿಯಿದ್ದರೆ, ಒಬ್ಬರೇ ಇರುವ ದೋಣಿಯಲ್ಲಿ ಹ್ಯಾಲ್ಯಾರ್ಡ್ ಸಡಿಲಿಸಿ ಮುಂದೆ ಹೋಗಬೇಕು, ಬಳೆ ಸಿಕ್ಕಿಸಬೇಕು, ಹ್ಯಾಲ್ಯಾರ್ಡ್ ಬಿಗಿಯಲು ಹಿಂದೆ ಬರಬೇಕು. ಅಷ್ಟರಲ್ಲಿ ಸಡಿಲವಾದ ಬಳೆ ಕೊಕ್ಕೆಯಿಂದ ಜಾರಿರುತ್ತದೆ. ಕಾರ್ಖಾನೆಯಿಂದ ಬರುವ ಅನೇಕ ಸಣ್ಣ ದೋಣಿಗಳ ಜೋಡಣೆ ಹೀಗೆಯೇ ಇರುತ್ತದೆ. ರೀಫ್ ಮಾಡುವುದು ತ್ರಾಸದಾಯಕ ಎಂದಾದರೆ ನಾವಿಕರು ಅದನ್ನು ಮುಂದೂಡುತ್ತಾರೆ. ಅಪಘಾತಕ್ಕೆ ಎಡೆಯಾಗುವುದು ಆ ವಿಳಂಬ. ಆದ್ದರಿಂದ ಹ್ಯಾಲ್ಯಾರ್ಡ್ ಮತ್ತು ರೀಫ್ ಹಗ್ಗಗಳೆಲ್ಲ ಒಂದೇ ಜಾಗದಲ್ಲಿ, ಒಬ್ಬರ ಕೈಗೆ ಎಟಕುವಂತಿರುವುದು ಜೋಡಣೆಯ ಮೊದಲ ನಿಯಮ.

ರೀಫ್ ಮಾಡುವ ಕ್ರಮ

ಮೊದಲು ದೋಣಿಯನ್ನು ಗಾಳಿಗೆ ಓರೆಯಾಗಿ ಎದುರು ತಿರುಗಿಸಿ, ಜಿಬ್ ಹಾಯಿಯಿಂದ ನಿಧಾನವಾಗಿ ಚಲಿಸುತ್ತಿರುವಂತೆ ನೋಡಿಕೊಳ್ಳುತ್ತಾರೆ. ಬೂಮ್‌ನ ಭಾರವನ್ನು ಟಾಪಿಂಗ್ ಲಿಫ್ಟ್‌ಗೆ ವಹಿಸಿ ವ್ಯಾಂಗ್ ಮತ್ತು ಮೇನ್‌ಶೀಟ್‌ಗಳನ್ನು ಸಡಿಲಿಸಿದಾಗ ಮುಖ್ಯ ಹಾಯಿ ಗಾಳಿ ಕಳೆದುಕೊಂಡು ಪಟಪಟನೆ ಬಡಿಯತೊಡಗುತ್ತದೆ. ಟಾಪಿಂಗ್ ಲಿಫ್ಟ್ ಬಿಗಿಯಲು ಮರೆತರೆ ಮುಂದಿನ ಹಂತದಲ್ಲಿ ಬೂಮ್ ಕಾಕ್‌ಪಿಟ್‌ನಲ್ಲಿದ್ದವರ ತಲೆಯ ಮೇಲೆ ಬೀಳುತ್ತದೆ.

ಬಳಿಕ ಹ್ಯಾಲ್ಯಾರ್ಡನ್ನು ಮೊದಲೇ ಹಾಕಿಟ್ಟ ಗುರುತಿನವರೆಗೆ ಇಳಿಸಿ, ಮುಂದಿನ ಬಳೆಯನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ ಅಥವಾ ಅದರ ಹಗ್ಗವನ್ನು ಎಳೆದು ಬಿಗಿಯುತ್ತಾರೆ. ಆಮೇಲೆ ಹ್ಯಾಲ್ಯಾರ್ಡನ್ನು ಮತ್ತೆ ಗಟ್ಟಿಯಾಗಿ ಎಳೆಯುತ್ತಾರೆ. ಲಫ್‌ನ ಉದ್ದಕ್ಕೂ ನೆಟ್ಟಗಿನ ಸುಕ್ಕೊಂದು ಕಾಣಿಸಿಕೊಂಡರೆ ಬಿಗಿತ ಸಾಕು ಎಂದರ್ಥ. ಇದಾದ ಮೇಲಷ್ಟೇ ಹಿಂದಿನ ಬಳೆಯ ಹಗ್ಗವನ್ನು ಎಳೆಯಬೇಕು. ಈ ಅನುಕ್ರಮ ತಪ್ಪಿ ಹಿಂದಿನದನ್ನು ಮೊದಲು ಬಿಗಿದರೆ ಎಳೆತವೆಲ್ಲ ಲಫ್ ಅಂಚನ್ನು ಕೂವೆಮರಕ್ಕೆ ಹಿಡಿದಿರುವ ಸಣ್ಣ ಜಾರುಗುಂಡಿಗಳ ಮೇಲೆ ಬಿದ್ದು ಅವು ಮುರಿಯಬಹುದು, ಬಟ್ಟೆಯೂ ಹರಿಯಬಹುದು. ಹಿಂದಿನ ಬಳೆ ಬೂಮ್‌ಗೆ ತಾಗಿ ಕೆಳ ಅಂಚು ಚಪ್ಪಟೆಯಾಗುವವರೆಗೂ ಎಳೆಯಬೇಕು. ಕೊನೆಯ ಕೆಲವು ಸೆಂಟಿಮೀಟರ್‌ಗೆ ವಿಂಚ್ ಬೇಕಾಗುತ್ತದೆ. ಆದರೆ ಹಗ್ಗ ಅನಿರೀಕ್ಷಿತವಾಗಿ ಬಿಗಿಯಾದರೆ ವಿಂಚ್‌ನ ಹಿಡಿಯನ್ನು ಒತ್ತಾಯದಿಂದ ತಿರುಗಿಸದೆ, ಹಾಯಿಯ ಮಡಿಕೆ ಎಲ್ಲಾದರೂ ರಾಟೆಗೆ ಸಿಕ್ಕಿದೆಯೇ ಎಂದು ನೋಡುವುದು ಜಾಣತನ.

ಕೊನೆಗೆ ಟಾಪಿಂಗ್ ಲಿಫ್ಟ್ ಸಡಿಲಿಸಿ, ಮೇನ್‌ಶೀಟ್ ಎಳೆದು, ವ್ಯಾಂಗ್ ಬಿಗಿದರೆ ದೋಣಿ ಮತ್ತೆ ಸಾಗುತ್ತದೆ. ದೂರದ ಪ್ರಯಾಣದಲ್ಲಿ ಹಿಂದಿನ ಬಳೆಯನ್ನು ಇನ್ನೊಂದು ತುಂಡು ಹಗ್ಗದಿಂದ ಬೂಮ್‌ಗೆ ಸುತ್ತಿ ಕಟ್ಟುವ ರೂಢಿಯಿದೆ. ರೀಫ್ ಹಗ್ಗ ಉಜ್ಜಿ ತುಂಡಾದರೂ ಹಾಯಿ ಉಳಿಯುತ್ತದೆ. ಅಭ್ಯಾಸವಿದ್ದವರಿಗೆ ಇಷ್ಟೆಲ್ಲ ಮುಗಿಸಲು ಕೆಲವೇ ನಿಮಿಷಗಳು ಸಾಕು.

ರೀಫ್ ಬಿಂದುಗಳ ಚಿಕ್ಕ ಹಗ್ಗಗಳನ್ನು ಕಟ್ಟುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಅದೂ ಸಡಿಲವಾಗಿ. ಅವು ಇಳಿಬಿದ್ದ ಬಟ್ಟೆಯನ್ನು ಒಟ್ಟುಗೂಡಿಸಲು ಇರುವುವೇ ಹೊರತು ಭಾರ ಹೊರಲು ಅಲ್ಲ. ಭಾರವನ್ನು ಎರಡು ಮೂಲೆಯ ಬಳೆಗಳು ಮಾತ್ರ ಹೊರಬೇಕು. ಇಲ್ಲಿ ಬಳಸುವ ರೀಫ್ ಗಂಟಿನಲ್ಲಿ ಒಂದು ತುದಿಯನ್ನು ಕುಣಿಕೆಯಾಗಿ ಬಿಟ್ಟರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಭಾರ ಬೀಳುವ ಎರಡು ಹಗ್ಗಗಳನ್ನು ಜೋಡಿಸಲು ಈ ಗಂಟನ್ನು ಬಳಸಬಾರದೆಂದು ಕ್ಲಿಫರ್ಡ್ ಆಶ್ಲಿ 1944ರಲ್ಲಿ ಪ್ರಕಟವಾದ ತಮ್ಮ ಗಂಟುಗಳ ಬೃಹತ್ ಕೋಶದಲ್ಲಿ ಕಟುವಾಗಿ ಎಚ್ಚರಿಸಿದ್ದಾರೆ.

ಗಾಳಿ ತಗ್ಗಿದ ಮೇಲೆ ರೀಫ್ ಬಿಚ್ಚುವ ಕ್ರಮ ಇದರ ತಿರುಗುಮುರುಗು: ಮೊದಲು ರೀಫ್ ಬಿಂದುಗಳ ಕಟ್ಟು, ಬಳಿಕ ಹಿಂದಿನ ಬಳೆ, ಅನಂತರ ಮುಂದಿನ ಬಳೆ, ಕೊನೆಗೆ ಹ್ಯಾಲ್ಯಾರ್ಡ್. ಒಂದೇ ಒಂದು ಚಿಕ್ಕ ಕಟ್ಟನ್ನು ಬಿಚ್ಚಲು ಮರೆತು ಹ್ಯಾಲ್ಯಾರ್ಡ್ ಎಳೆದರೆ ಆ ರಂಧ್ರದಿಂದಲೇ ಹಾಯಿ ಸೀಳುತ್ತದೆ. ರಾತ್ರಿ ವೇಳೆ ಹಾಯಿಗಳು ಹರಿಯುವುದಕ್ಕೆ ಇದು ತೀರ ಸಾಮಾನ್ಯವಾದ ಕಾರಣ.

ಹಗ್ಗಗಳ ನಿರ್ವಹಣೆ

ಎರಡು ರೀಫ್‌ಗಳಿಗೆ ಜೋಡಿ ಹಗ್ಗ ಅಳವಡಿಸಿದ ದೋಣಿಯಲ್ಲಿ, ಹ್ಯಾಲ್ಯಾರ್ಡ್ ಸೇರಿ ಐದು ಹಗ್ಗಗಳು ಒಂದೇ ಕಡೆ ಬಂದು ಸೇರುತ್ತವೆ. ಪ್ರತಿಯೊಂದಕ್ಕೂ ಬೇರೆ ಬಣ್ಣ ಆರಿಸುವುದು, ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲಚ್‌ಗಳ ಮೇಲೆ ಹೆಸರು ಬರೆಯುವುದು ರೂಢಿ. ಕತ್ತಲಲ್ಲಿ ಬಣ್ಣ ಕಾಣದು. ಅದಕ್ಕಾಗಿ ಹ್ಯಾಲ್ಯಾರ್ಡ್‌ನ ಗುರುತುಗಳನ್ನು ಶಾಯಿಯಿಂದ ಹಾಕುವ ಬದಲು ದಪ್ಪ ದಾರದಿಂದ ಹೊಲಿದರೆ ಕೈಗೆ ತಾಗಿ ತಿಳಿಯುತ್ತದೆ. ಮೊದಲ ರೀಫ್‌ಗೆ ಒಂದು ಸುತ್ತು, ಎರಡನೆಯದಕ್ಕೆ ಎರಡು ಸುತ್ತು ಹೊಲಿಯುತ್ತಾರೆ.

ವಿಂಚ್‌ಗೆ ಹಗ್ಗವನ್ನು ಯಾವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಬೇಕು. ಹಗ್ಗವನ್ನು ಎಂದಿಗೂ ಅಂಗೈಗೆ ಸುತ್ತಿಕೊಂಡು ಎಳೆಯಬಾರದು. ಗಾಳಿ ತುಂಬಿದ ಹಾಯಿ ಸೆಳೆದಾಗ ಬೆರಳು ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ರೀಫ್ ಹಗ್ಗಗಳ ತುದಿಗೆ ಎಂಟರ ಅಂಕಿಯಂಥ ತಡೆಗಂಟು ಹಾಕಿದರೆ ಅವು ರಾಟೆಯಿಂದ ಜಾರಿ ಬೂಮ್‌ನೊಳಗೆ ಮಾಯವಾಗುವುದಿಲ್ಲ. ಇಳಿಸಬೇಕಾದ ಹ್ಯಾಲ್ಯಾರ್ಡನ್ನು ಮೊದಲೇ ಸಿಕ್ಕು ಬಿಡಿಸಿ ಇಟ್ಟಿರಬೇಕು. ಸಿಕ್ಕಾದ ಹಗ್ಗ ಕ್ಲಚ್ಚಿಗೆ ಬಂದು ನಿಂತಾಗ ಹಾಯಿ ಅರ್ಧದಲ್ಲಿ ಬಡಿಯುತ್ತ ಉಳಿಯುತ್ತದೆ.

ಹಗ್ಗ ಹೆಚ್ಚಾಗಿ ಸವೆಯುವುದು ಹಿಂದಿನ ಬಳೆಯನ್ನು ತಾಗುವ ಗೇಣುದ್ದದ ಭಾಗದಲ್ಲಿ. ಬೋಲೈನ್ ಗಂಟಿನ ಕಡೆ ತುಸು ಹೆಚ್ಚು ಉದ್ದ ಇಟ್ಟುಕೊಂಡರೆ, ಸವೆದಾಗ ತುದಿಯನ್ನು ಕತ್ತರಿಸಿ ಗಂಟನ್ನು ಸರಿಸಿ ಹೊಸ ಭಾಗವನ್ನು ಬಳೆಯ ಜಾಗಕ್ಕೆ ತರಬಹುದು. ಅದೇ ಹಗ್ಗ ಇನ್ನಷ್ಟು ಕಾಲ ಬಾಳುತ್ತದೆ.

ಇತರ ವಿಧಾನಗಳು

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಅನೇಕ ವಿಹಾರದೋಣಿಗಳಲ್ಲಿ ಬೂಮನ್ನೇ ತಿರುಗಿಸಿ ಹಾಯಿಯನ್ನು ಅದರ ಮೇಲೆ ಚಾಪೆಯಂತೆ ಸುತ್ತುವ ಏರ್ಪಾಡಿತ್ತು. ಸುತ್ತಿದಂತೆಲ್ಲ ಬೂಮ್‌ನ ಹಿಂತುದಿ ಜೋಲುತ್ತಿತ್ತು, ಹಾಯಿ ಉಬ್ಬುತ್ತಿತ್ತು, ವ್ಯಾಂಗ್ ಕಟ್ಟಲು ಜಾಗವೇ ಉಳಿಯುತ್ತಿರಲಿಲ್ಲ. ಬರಬರುತ್ತ ಸ್ಲ್ಯಾಬ್ ಪದ್ಧತಿ ಅದರ ಸ್ಥಾನವನ್ನು ಮರಳಿ ಪಡೆಯಿತು. ಹಾಯಿಯನ್ನು ಕೂವೆಮರದ ಅಥವಾ ಬೂಮ್‌ನ ಒಳಗೇ ಸುರುಳಿ ಸುತ್ತುವ ಆಧುನಿಕ ಸಾಧನಗಳು ಹೆಚ್ಚಾಗಿ ದೊಡ್ಡ ದೋಣಿಗಳಲ್ಲಿವೆ. ಅವು ಅನುಕೂಲಕರವಾದರೂ ಹಾಯಿ ಅರ್ಧ ಸುತ್ತಿ ಸಿಕ್ಕಿಕೊಂಡರೆ ಬಿಡಿಸುವುದು ಬಲು ಕಷ್ಟ.

ಒಬ್ಬರೇ ನಡೆಸುವ ಲೇಸರ್ ಎಂಬ ಪುಟ್ಟ ಓಟದ ದೋಣಿಯಲ್ಲಿ ರೀಫ್ ಬಳೆಗಳೇ ಇಲ್ಲ. ಗಾಳಿ ಹೆಚ್ಚಿದರೆ ಕೂವೆಮರವನ್ನೇ ಒಂದೆರಡು ಸುತ್ತು ತಿರುಗಿಸಿ ಹಾಯಿಯನ್ನು ಅದಕ್ಕೆ ಸುತ್ತಬಹುದು, ಇಲ್ಲವೇ ಚಿಕ್ಕ ಹಾಯಿಯನ್ನು ಹೂಡಬಹುದು.

ಇತಿಹಾಸ

ಪ್ರಾಚೀನ ರೋಮನ್ ಹಡಗುಗಳಲ್ಲಿ ಹಾಯಿಯ ಮುಖದ ಮೇಲೆ ಹಾಯುವ ಹಗ್ಗಗಳನ್ನು ಎಳೆದು ಅದನ್ನು ಪರದೆಯಂತೆ ಮೇಲಕ್ಕೆ ಕುಗ್ಗಿಸುತ್ತಿದ್ದರು. ಉತ್ತರ ಯೂರೋಪಿನಲ್ಲಿ ರೀಫ್ ಬಿಂದುಗಳ ಚಿತ್ರಗಳು ಮಧ್ಯಯುಗದ ಪಟ್ಟಣಗಳ ಮುದ್ರೆಗಳಲ್ಲಿ ದೊರೆಯುತ್ತವೆ. ಮುಂದೆ ಕೆಲವು ಶತಮಾನ ಹಾಯಿಯ ಕೆಳಗೆ ಬೇಕೆಂದಾಗ ಕಟ್ಟಿ ಬೇಡವೆಂದಾಗ ಬಿಚ್ಚುವ ಹೆಚ್ಚುವರಿ ಪಟ್ಟಿ ಬಳಕೆಯಲ್ಲಿತ್ತು. ಹದಿನೇಳನೆಯ ಶತಮಾನದಲ್ಲಿ ರೀಫ್ ಬಿಂದುಗಳು ಮತ್ತೆ ರೂಢಿಗೆ ಬಂದವು.

ಗಾಳಿಯ ಬಲವನ್ನು ಅಳೆಯುವ ಬೋಫರ್ಟ್ ಮಾಪಕಕ್ಕೂ ರೀಫಿಂಗ್‌ಗೂ ನೇರ ಸಂಬಂಧವಿದೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805-06ರ ಸುಮಾರಿಗೆ ರೂಪಿಸಿದ ಈ ಮಾಪಕದ ಮೊದಲ ರೂಪಗಳು ಗಾಳಿಯ ವೇಗವನ್ನು ಅಂಕಿಗಳಲ್ಲಿ ಹೇಳುತ್ತಿರಲಿಲ್ಲ. ಯುದ್ಧನೌಕೆಯೊಂದು ಆ ಗಾಳಿಯಲ್ಲಿ ಎಷ್ಟು ಹಾಯಿ ಬಿಚ್ಚಬಹುದು, ಎಷ್ಟು ರೀಫ್ ಹಾಕಬೇಕು ಎಂಬುದೇ ಅಳತೆಗೋಲಾಗಿತ್ತು. ಇಂದಿನ ಮಾಪಕದಲ್ಲಿ 4ನೆಯ ಬಲ 11ರಿಂದ 16 ನಾಟ್, 5ನೆಯದು 17ರಿಂದ 21, 6ನೆಯದು 22ರಿಂದ 27 ನಾಟ್. ಬಹುತೇಕ ಸಣ್ಣ ಸ್ಲೂಪ್‌ಗಳು ಮೊದಲ ರೀಫ್ ಹಾಕುವುದು 4ನೆಯ ಬಲದ ಕೊನೆಯಲ್ಲಿ ಅಥವಾ 5ನೆಯದರ ಆರಂಭದಲ್ಲಿ.

ರೀಫಿಂಗ್‌ಗೂ ಒಂದು ಎಲ್ಲೆಯಿದೆ. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಓಟದ 303 ದೋಣಿಗಳು ಐರ್ಲೆಂಡಿನ ದಕ್ಷಿಣದ ಸಮುದ್ರದಲ್ಲಿ ಭೀಕರ ಬಿರುಗಾಳಿಗೆ ಸಿಲುಕಿದವು. ಓಟದಲ್ಲಿದ್ದ 15 ನಾವಿಕರು ಮಡಿದರು, ಐದು ದೋಣಿಗಳು ಮುಳುಗಿದವು. ಅತಿ ಸಣ್ಣ ದೋಣಿಗಳ ವರ್ಗದಲ್ಲಿ ಓಟ ಪೂರ್ಣಗೊಳಿಸಿದ್ದು 'ಅಸೆಂಟ್' ಎಂಬ ಒಂದೇ ದೋಣಿ. ಅಂಥ ಗಾಳಿಯಲ್ಲಿ ಆಳವಾಗಿ ರೀಫ್ ಮಾಡಿದ ಮುಖ್ಯ ಹಾಯಿಯೂ ದೊಡ್ಡದೇ ಆಗುತ್ತದೆ. ಅದನ್ನು ಪೂರ್ತಿ ಇಳಿಸಿ, ಬೂಮ್‌ನ ನೆರವಿಲ್ಲದೆ ಹೂಡುವ ದಪ್ಪ ಬಟ್ಟೆಯ ಪುಟ್ಟ ಬಿರುಗಾಳಿ ಹಾಯಿಯನ್ನು ಬಳಸಬೇಕಾಗುತ್ತದೆ.

ಭಾರತದಲ್ಲಿ

ಅರಬ್ಬಿ ಸಮುದ್ರದ ಸಾಂಪ್ರದಾಯಿಕ ಹಾಯಿಹಡಗುಗಳಲ್ಲಿ ರೀಫಿಂಗ್ ರೂಢಿಯಲ್ಲಿರಲಿಲ್ಲ. ಓರೆಯಾದ ಉದ್ದನೆಯ ಮರಕ್ಕೆ ಕಟ್ಟಿದ ಅವುಗಳ ಹಾಯಿಯನ್ನು ಬಲವಾದ ಗಾಳಿಯಲ್ಲಿ ಮಡಿಸುವ ಬದಲು, ಮರವನ್ನೇ ಇಳಿಸಿ ಚಿಕ್ಕ ಹಾಯಿಯನ್ನು ಕಟ್ಟಿ ಮತ್ತೆ ಏರಿಸುತ್ತಿದ್ದರು. ಇದಕ್ಕೆ ಬಹಳ ಜನರ ಕೈ ಬೇಕು. ಕರ್ನಾಟಕದ ಕರಾವಳಿಯಲ್ಲಿ ಸರಕು ಸಾಗಿಸುತ್ತಿದ್ದ ಮಂಜಿಗಳೂ ಓರೆ ಹಾಯಿಯ ಹಡಗುಗಳೇ. ಮಳೆಗಾಲದ ಬಿರುಸಿನ ತಿಂಗಳುಗಳಲ್ಲಿ ಅವು ಕಡಲಿಗಿಳಿಯುತ್ತಿರಲಿಲ್ಲ.

ಕಡಿಮೆ ಜನರಿರುವ ದೋಣಿಯಲ್ಲಿ ರೀಫಿಂಗ್‌ನ ಜೋಡಣೆ ಎಷ್ಟು ಮುಖ್ಯವೆಂಬುದು ಭಾರತೀಯ ನೌಕಾಪಡೆಯ ಭೂಪ್ರದಕ್ಷಿಣೆ ಯಾನಗಳಿಂದ ಕಾಣುತ್ತದೆ. ಅಭಿಲಾಷ್ ಟೋಮಿ 2012-13ರಲ್ಲಿ 'ಮಾದೇಯಿ' ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿಬಂದರು. ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರು ಮಹಿಳಾ ಅಧಿಕಾರಿಗಳು 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ 'ತಾರಿಣಿ'ಯಲ್ಲಿ ಹೊರಟು 2025ರ ಮೇ ತಿಂಗಳಲ್ಲಿ ಮರಳಿದರು. ಸುಮಾರು 17 ಮೀಟರ್ ಉದ್ದದ ಈ ದೋಣಿಗಳ ಹಾಯಿ ಸಣ್ಣ ಸ್ಲೂಪ್‌ನದಕ್ಕಿಂತ ಹಲವು ಪಟ್ಟು ದೊಡ್ಡದು. ಒಬ್ಬರು ಮಲಗಿರುವಾಗ ಅದನ್ನು ತಗ್ಗಿಸುವ ಕೆಲಸ ಎಚ್ಚರವಿರುವ ಇನ್ನೊಬ್ಬರದೇ.